ರಥಬೀದಿಯ ಹಂಚಿನ ಮನೆಗಳನ್ನು ಯಾಕೆ ಕೆಡವುತ್ತಾರೆ?

ಓದುಗರ ಪ್ರಶ್ನೆ: ತುಂಬಾ ವರ್ಷಗಳ ಮೇಲೆ ಮಂಗಳೂರಿಗೆ ಬಂದಿದ್ದೆ. ರಥಬೀದಿಯಿಂದ ಬಂದರಿನವರೆಗೆ ನಡೆದೆ. ನೆನಪಿನಲ್ಲಿದ್ದ ಎಷ್ಟೋ ಹಂಚಿನ ಮನೆಗಳು ಈಗಿಲ್ಲ. ಗಟ್ಟಿಮುಟ್ಟಾಗಿದ್ದ ಮನೆಗಳನ್ನೂ ಯಾಕೆ ಕೆಡವುತ್ತಾರೆ?

ಎಲ್ಲರೂ ಥಟ್ಟನೆ ಹೇಳುವ ಉತ್ತರ, ದುಡ್ಡಿನಾಸೆ. ಅದು ಅನ್ಯಾಯದ ಮಾತು ಅಂತ ನನಗನಿಸುತ್ತದೆ. ಹೆಚ್ಚಿನ ಕಡೆ ಮನೆಯಲ್ಲಿ ಉಳಿದವರು ವಯಸ್ಸಾದ ಒಬ್ಬಿಬ್ಬರೇ. ಮಕ್ಕಳು ಮುಂಬೈ, ದುಬೈ, ಬೆಂಗಳೂರು ಸೇರಿರುತ್ತಾರೆ.

ಹಂಚಿನ ಮಾಡು ಸುಮ್ನೆ ನಿಲ್ಲುವುದಿಲ್ಲ. ಇಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಜಾಸ್ತಿ ಮಳೆ. ಮೇ ತಿಂಗಳು ಮುಗಿಯುವ ಮೊದಲು ಯಾರಾದರೂ ಮಾಡು ಹತ್ತಲೇಬೇಕು. ಒಡೆದ ಹಂಚು ಬದಲಿಸಬೇಕು, ತರಗೆಲೆ ಗುಡಿಸಬೇಕು, ಹಂಚು ಹೊರುವ ಮರದ ಪಕ್ಕಾಸು, ರೀಪುಗಳಿಗೆ ಒರಲೆ ಹಿಡಿದಿದೆಯಾ ನೋಡಬೇಕು. ಒಂದೆರಡು ಮಳೆಗಾಲ ಬಿಟ್ಟರೆ ನೀರು ಸೋರಿ ಮರ ಕುಂಬಾಗುತ್ತದೆ. ಆ ಕೆಲಸ ಗೊತ್ತಿದ್ದವರು ಈಗ ಸಿಗುವುದೇ ಕಷ್ಟ.

ಆಮೇಲೆ ಪಾಲಿನ ಮಾತು. ನಮ್ಮ ಅಜ್ಜಿ ಮನೆ ಹೋದದ್ದೂ ಹೀಗೆಯೇ. ಹತ್ತು ಸೆಂಟ್ಸ್ ಜಾಗ, ಎಂಟು ಪಾಲುದಾರರು. ಚಾವಡಿ, ಜಗಲಿ, ಬಾವಿಯನ್ನು ಎಂಟು ಪಾಲು ಮಾಡುವುದು ಹೇಗೆ? ಬಿಲ್ಡರ್ ಜಾಗ ತೆಗೆದುಕೊಂಡು ಫ್ಲ್ಯಾಟ್ ಕೊಡುತ್ತೇನೆ ಅಂದರೆ ಲೆಕ್ಕ ಸುಲಭ. ಸಹಿ ಹಾಕಿದ ದಿನ ಯಾರೂ ಸರಿಯಾಗಿ ಊಟ ಮಾಡಿರಲಿಲ್ಲ.

ಬಂದರಿನ ಕಥೆ ಬೇರೆ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್‌ನವರು 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರುಮಾಡಿದರು. ನೇತ್ರಾವತಿ, ಗುರುಪುರ ನದಿ ದಂಡೆಯ ಮಣ್ಣು ಹಂಚಾಗಿ, ಇದೇ ಹಳೇ ಬಂದರಿನಿಂದ ಹಡಗು ಹತ್ತಿ ದೂರದೂರಿಗೆ ಹೋಯಿತು. ಸುತ್ತಲಿನ ಗೋದಾಮು, ಮಂಡಿಗಳೆಲ್ಲ ಆ ಓಡಾಟದಿಂದಲೇ ಬದುಕಿದ್ದವು. 1970ರ ದಶಕದಲ್ಲಿ ಪಣಂಬೂರಿನಲ್ಲಿ ನವಮಂಗಳೂರು ಬಂದರು ಬಂತು, ದೊಡ್ಡ ಹಡಗುಗಳು ಅತ್ತ ಹೋದವು. ಲಕ್ಷದ್ವೀಪಕ್ಕೆ ಸಾಮಾನು ಹೊರುವ ಮಂಜಿ ಎಂಬ ಮರದ ನಾವೆಗಳು, ಧಕ್ಕೆಯ ಮೀನು ಇಲ್ಲೇ ಉಳಿದವು. ದೊಡ್ಡ ಗೋದಾಮಿಗೆ ಕೆಲಸ ಕಮ್ಮಿಯಾಯಿತು, ಆದರೆ ಅದರಡಿಯ ಜಾಗದ ಬೆಲೆ ಏರುತ್ತಲೇ ಹೋಯಿತು.

ಕೆಡವಿದ ಮನೆಯ ಬಾಗಿಲು, ಕಂಬ, ಹಂಚು ಹಾಳಾಗುವುದಿಲ್ಲ. ಕೊಳ್ಳುವವರು ಇದ್ದಾರೆ. ಅವು ರೆಸಾರ್ಟು, ಹೋಟೆಲುಗಳಲ್ಲಿ ಮತ್ತೆ ಏಳುತ್ತವೆ. ಮಣಿಪಾಲದ ಹಸ್ತಶಿಲ್ಪ ಎಂಬ ಹಳೇ ಮನೆಗಳ ಸಂಗ್ರಹಾಲಯದಲ್ಲಿ ವಿಜಯನಾಥ ಶೆಣೈಯವರು ಇಡೀ ಮನೆಗಳನ್ನೇ ಬಿಚ್ಚಿ ತಂದು ಮತ್ತೆ ಕಟ್ಟಿಸಿದರು. ದೊಡ್ಡ ಕೆಲಸ, ಕೈಮುಗಿಯಬೇಕು. ಆದರೂ ನನಗೆ ಒಂದು ಸಂಕಟ ಉಳಿದೇ ಇದೆ. ಮನೆ ಉಳಿದರೂ ಆ ಬೀದಿ ಉಳಿಯುವುದಿಲ್ಲ ಅಲ್ವಾ? ಎದುರು ಜಗಲಿಯ ಅಕ್ಕನೊಡನೆ ಆಡುತ್ತಿದ್ದ ಸಂಜೆಯ ಮಾತನ್ನು ಬಿಚ್ಚಿ ತರಲು ಬರುವುದಿಲ್ಲ.

ಮತ್ತೊಮ್ಮೆ ಬಂದಾಗ ಬೆಳಗ್ಗೆ ಅಂಗಡಿ ತೆರೆಯುವ ಮೊದಲು ನಡೆಯಿರಿ. ಕೆಳಗಿನ ಬೋರ್ಡು ಬಿಟ್ಟು ತಲೆ ಎತ್ತಿ ನೋಡಿ, ಎಷ್ಟೋ ಅಂಗಡಿಗಳ ಮೇಲೆ ಹಳೇ ಮಾಡು, ಮರದ ಕಿಟಕಿ ಇನ್ನೂ ಇವೆ. ಬಿದ್ದ ಹಂಚು ಸಿಕ್ಕರೆ ಮಗುಚಿ, ಕಾರ್ಖಾನೆಯ ಹೆಸರು ಓದಬಹುದು. ಸಾಧ್ಯವಾದರೆ ರಥಸಪ್ತಮಿಗೇ ಬನ್ನಿ. ಕೊಡಿಯಾಲ ತೇರಿನ ದಿನ ಬೇರೆಡೆ ಫ್ಲ್ಯಾಟು ಸೇರಿದವರೂ ವೆಂಕಟರಮಣ ದೇವಸ್ಥಾನದ ಎದುರು ಸೇರುತ್ತಾರೆ. ಹಿರಿಯರೊಬ್ಬರ ಹತ್ತಿರ ಕೇಳಿ ನೋಡಿ. ಯಾರ ಮನೆ ಎಲ್ಲಿತ್ತು, ಬಾವಿ ಯಾವ ಮೂಲೆಯಲ್ಲಿತ್ತು, ಬೆರಳು ಮಾಡಿ ತೋರಿಸುತ್ತಾರೆ.