ವೃಷಭ ಬಸವನಾದದ್ದು ಹೇಗೆ?

ಬಸವ ಎಂದರೆ ಗೂಳಿ. ಶಿವನ ನಂದಿಯೂ ನಮಗೆ ಬಸವನೇ. ಬೆಂಗಳೂರಿನ ಬಸವನಗುಡಿಗೆ ಹೆಸರು ಬಂದದ್ದು ಅಲ್ಲಿನ ದೊಡ್ಡ ಕಲ್ಲಿನ ನಂದಿಯಿಂದ. ಈ ಪದ ‘ವೃಷಭ’ದ ತದ್ಭವ ಅಂತ ಶಾಲೆಯಲ್ಲಿ ಓದಿರುತ್ತೇವೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ, ಒಂದು ಅಕ್ಷರವೂ ಹೊಂದುವುದಿಲ್ಲ! ಸುಮ್ನೆ ಬಾಯಿಪಾಠ ಮಾಡಿಸುತ್ತಾರೆ, ಕಾರಣ ಹೇಳುವುದಿಲ್ಲ.

ಕಾರಣ ಇದೆ. ಮೊದಲು ‘ಋ’ ನೋಡೋಣ. ಪ್ರಾಕೃತ ಭಾಷೆಗಳಲ್ಲಿ ಈ ಸ್ವರ ಉಳಿಯಲಿಲ್ಲ, ಎಷ್ಟೋ ಪದಗಳಲ್ಲಿ ‘ಅ’ ಆಯಿತು. ನೃತ್ಯ ‘ನಚ್ಚ’ವಾಗಿ, ಮುಂದೆ ಹಿಂದಿಯ ‘ನಾಚ್’ ಆದದ್ದು ಹೀಗೆ. ‘ಷ’ ಕೂಡ ‘ಸ’ ಆಯಿತು. ಹಾಗಾಗಿ ಪಾಳಿಯಲ್ಲಿ ವೃಷಭ ‘ವಸಭ’ವಾಗಿ ಸಿಗುತ್ತದೆ. ಉಳಿದದ್ದು ಕನ್ನಡದ ನಾಲಿಗೆಯ ಕೆಲಸ. ಪದದ ಮೊದಲಿನ ‘ವ’ ನಮ್ಮಲ್ಲಿ ‘ಬ’ ಆಗುತ್ತದೆ: ವನ ಬನ, ವರ್ಣ ಬಣ್ಣ, ವಸತಿ ಬಸದಿ. ಮಹಾಪ್ರಾಣ ನಮಗೆ ಅಷ್ಟಾಗಿ ಒಗ್ಗದ್ದು; ಎರಡು ಸ್ವರಗಳ ನಡುವೆ ಸಿಕ್ಕ ‘ಭ’ ಸವೆದು ‘ವ’ ಆಯಿತು. ಒಂದೇ ಪದ ಹೀಗೆ ಬದಲಾಗಿದ್ದರೆ ಆಕಸ್ಮಿಕ ಎನ್ನಬಹುದಿತ್ತು. ಅದೇ ಧ್ವನಿ, ಅದೇ ಜಾಗದಲ್ಲಿ, ಪದದಿಂದ ಪದಕ್ಕೆ ಹಾಗೇ ತಿರುಗುತ್ತಿದ್ದರೆ ಅದು ನಿಯಮವೇ ಅಲ್ವಾ?

ಇಂಥ ನಿಯಮಗಳನ್ನು ಹಿಡಿದು ಹಿಂದಕ್ಕೂ ಹೋಗಬಹುದು. ವೃಷಭದೊಳಗಿನ ‘ವೃಷ್’ ಎಂದರೆ ಸುರಿ; ಅತಿವೃಷ್ಟಿ, ಅನಾವೃಷ್ಟಿಯಲ್ಲಿ ಇರುವುದೂ ಅದೇ. ಬಲಿಷ್ಠ ಗಂಡಿಗೆ ಸಂಸ್ಕೃತದಲ್ಲಿ ‘ವೃಷನ್’ ಎಂಬ ಪದವಿದೆ. ಇದರ ನೆಂಟರು ಯುರೋಪಿನಲ್ಲೂ ಇದ್ದಾರೆ. ಲ್ಯಾಟಿನ್‌ನಲ್ಲಿ ಗಂಡು ಹಂದಿ ‘ವೆರ್ರೆಸ್’. ಬಾಲ್ಟಿಕ್ ಸಮುದ್ರದ ದಂಡೆಯ ಲ್ಯಾಟ್ವಿಯಾದಲ್ಲಿ ಎತ್ತು ‘ವೇರ್ಸಿಸ್’. ನಾವು ವೃಷಭ ರಾಶಿ ಎನ್ನುವ ನಕ್ಷತ್ರಗಳ ಗುಂಪಿಗೂ ಅಲ್ಲಿ ವೇರ್ಸಿಸ್ ಅಂತಲೇ ಹೆಸರು. ಪಂಚಾಂಗ ನೋಡುವವರಿಗೆ ಇದು ಖುಷಿ ಕೊಡಬೇಕು.

ಮನುಷ್ಯರ ಹೆಸರಾಗಿ ‘ಬಸವ’ ಇಷ್ಟು ಹರಡಿದ್ದು 12ನೇ ಶತಮಾನದ ಬಸವಣ್ಣನವರಿಂದ. ಬೆಳಗಾವಿ ಜಿಲ್ಲೆಯ ಅರ್ಜುನವಾಡದಲ್ಲಿರುವ 1260ರ ಶಾಸನದಲ್ಲಿ ಅವರ ಹೆಸರು ಸಿಗುತ್ತದೆ. ಆಮೇಲೆ ಬಸಪ್ಪ, ಬಸವರಾಜ, ಚೆನ್ನಬಸವ, ಗುರುಬಸವ, ಸಂಗನಬಸಪ್ಪ ಅಂತ ಬೆಳೆಯುತ್ತಲೇ ಹೋಯಿತು. ಉತ್ತರ ಕರ್ನಾಟಕದಲ್ಲಂತೂ ಜಾಸ್ತಿ. ಅತ್ತ ಕೊಂಬಿನಂಥ ಮೀಸೆ ಚಾಚುವ ಹುಳುವೂ ‘ಬಸವನ ಹುಳು’ ಆಯಿತು, ಅದು ಗೂಳಿಯ ಕಡೆಯ ನೆಂಟಸ್ತನ. ಹೆಣ್ಣುಮಕ್ಕಳಿಗೆ ಬಸಮ್ಮ, ಬಸವ್ವ ಎಂದು ಇಡುವಾಗ ಮಾತ್ರ ಯಾರಿಗೂ ಗೂಳಿಯ ನೆನಪಾಗುವುದಿಲ್ಲ. ಮೂಲದಲ್ಲಿ ಗಂಡು ಎಂದಿದ್ದ ಪದವನ್ನು ಅವರು ಬಸವಣ್ಣನವರ ಹೆಸರಾಗಿಯೇ ಇಟ್ಟುಕೊಂಡಿದ್ದಾರೆ.