ಎರಡು ಕೇಬಲ್ ಸೇರಿಸಿದರೂ ಫೈಲ್ ಕಾಪಿ ಸ್ಪೀಡ್ ಯಾಕೆ ಏರಲಿಲ್ಲ?

ಪ್ರಶ್ನೆ: ಪೀಣ್ಯದಲ್ಲಿ ನಮ್ಮ ಆಫೀಸು. ಸರ್ವರ್‌ಗೂ ನ್ಯಾಸ್‌ಗೂ (ನೆಟ್‌ವರ್ಕ್‌ನಲ್ಲಿ ಎಲ್ಲರೂ ಫೈಲ್ ಇಡುವ ಡಿಸ್ಕ್ ಪೆಟ್ಟಿಗೆ) ಎರಡೆರಡು ಗಿಗಾಬಿಟ್ ಕೇಬಲ್ ಎಳೆದು, ಸ್ವಿಚ್‌ನಲ್ಲಿ ಲ್ಯಾಗ್ (ಹಲವು ಕೇಬಲ್ ಸೇರಿಸಿ ಒಂದೇ ಲಿಂಕ್ ಮಾಡುವುದು) ಮಾಡಿದ್ದೇವೆ. ಆದರೂ ಕಾಪಿ ಸೆಕೆಂಡಿಗೆ 110 ಎಂಬಿ ದಾಟುತ್ತಿಲ್ಲ. ಎಲ್ಲಿ ತಪ್ಪಾಗಿದೆ?

ಎಲ್ಲೂ ತಪ್ಪಾಗಿಲ್ಲ. ನಿಮ್ಮ ಲ್ಯಾಗ್ ಸರಿಯಾಗೇ ಇದೆ. ಸೆಕೆಂಡಿಗೆ 110 ಎಂಬಿ ಅಂದರೆ ಹೆಚ್ಚುಕಡಿಮೆ ಒಂದು ಗಿಗಾಬಿಟ್ ಕೇಬಲ್‌ನ ಪೂರ್ತಿ ವೇಗ. ಎರಡು ಗಿಗಾಬಿಟ್ ಸೇರಿದರೆ ಒಂದು ಕಾಪಿಗೆ ಎರಡರಷ್ಟು ಸ್ಪೀಡ್ ಸಿಗುತ್ತದೆ ಅನ್ನುವ ನಂಬಿಕೆಯೇ ತಪ್ಪು. ಎಷ್ಟು ಸಲ ಹೇಳಿದರೂ ಇದು ಹೋಗುತ್ತಿಲ್ಲ. ಇವತ್ತು ಪೂರ್ತಿ ಬಿಡಿಸಿ ಹೇಳುತ್ತೇನೆ.

ಲ್ಯಾಗ್ ಒಂದು ಫೈಲನ್ನು ಎರಡು ಕೇಬಲ್‌ಗೆ ಹಂಚುವುದಿಲ್ಲ. ಕಳಿಸುವವರ ಮತ್ತು ಪಡೆಯುವವರ ಮ್ಯಾಕ್ (ನೆಟ್‌ವರ್ಕ್ ಕಾರ್ಡಿನ ವಿಳಾಸ), ಐಪಿ (ನೆಟ್‌ವರ್ಕ್‌ನಲ್ಲಿ ಕಂಪ್ಯೂಟರಿನ ವಿಳಾಸ) ಅಥವಾ ಪೋರ್ಟ್ ನಂಬರ್ (ಯಾವ ಪ್ರೋಗ್ರಾಮಿನ ಕನೆಕ್ಷನ್ ಅಂತ ಗುರುತಿಸುವ ನಂಬರ್) ತೆಗೆದುಕೊಂಡು ಒಂದು ಲೆಕ್ಕ ಹಾಕುತ್ತದೆ. ಇದೇ ಹ್ಯಾಶ್. ನಂಬರ್ ಬದಲಾಗದಿದ್ದರೆ ಉತ್ತರವೂ ಬದಲಾಗದು, ಅಲ್ವಾ? ಹಾಗಾಗಿ ಒಂದು ಕನೆಕ್ಷನ್ ಒಂದೇ ಕೇಬಲ್ ಹಿಡಿದು ಹೋಗುತ್ತದೆ. ಬೇಕೆಂದೇ ಹೀಗೆ ಮಾಡಿದ್ದಾರೆ. ಪ್ಯಾಕೆಟ್‌ಗಳು (ಫೈಲಿನ ಸಣ್ಣ ತುಂಡುಗಳು) ಹಿಂದುಮುಂದಾಗಿ ತಲುಪಿದರೆ, ಅವನ್ನು ಸರಿಯಾಗಿ ತಲುಪಿಸುವ ಟಿಸಿಪಿ ಏನೋ ಕಳೆದುಹೋಯಿತು ಅಂದುಕೊಂಡು ವೇಗ ಇಳಿಸುತ್ತದೆ.

ನೀವೇ ನೋಡಿ. ಸ್ವಿಚ್‌ನಲ್ಲಿ ಪೋರ್ಟ್ (ಇಲ್ಲಿ ಕೇಬಲ್ ಚುಚ್ಚುವ ಕಿಂಡಿ) ಕೌಂಟರ್ ಕ್ಲಿಯರ್ ಮಾಡಿ, ದೊಡ್ಡ ಫೈಲ್ ಒಂದನ್ನು ಕಾಪಿಗೆ ಹಾಕಿ. ಒಂದು ಪೋರ್ಟಿನ ಅಂಕಿ ಸರಸರ ಏರುತ್ತದೆ. ಪಕ್ಕದ ಪೋರ್ಟ್ ಹೆಚ್ಚುಕಡಿಮೆ ಸುಮ್ನೆ ಕೂತಿರುತ್ತದೆ. ಲೈಟ್ ಎರಡರಲ್ಲೂ ಮಿನುಗುತ್ತದೆ, ಅದನ್ನು ನಂಬಬೇಡಿ.

ಇನ್ನೊಂದು ವಿಷಯ ಜಾಸ್ತಿ ಜನಕ್ಕೆ ಗೊತ್ತಿಲ್ಲ. ಯಾವ ಕೇಬಲ್ ಅಂತ ತೀರ್ಮಾನಿಸುವುದು ಕಳಿಸುವ ಕಡೆ. ಸ್ವಿಚ್‌ನಲ್ಲಿ ಹ್ಯಾಶ್ ಬದಲಿಸಿದರೆ ನ್ಯಾಸ್‌ನಿಂದ ಹೊರಡುವ ಟ್ರಾಫಿಕ್ ಬದಲಾಗದು, ಅದನ್ನು ನ್ಯಾಸ್‌ನಲ್ಲೇ ಬದಲಿಸಬೇಕು. ಲಿನಕ್ಸ್ ಬಾಂಡಿಂಗ್‌ನಲ್ಲಿ (ಲಿನಕ್ಸ್‌ನಲ್ಲಿ ಲ್ಯಾಗ್ ಮಾಡುವ ವ್ಯವಸ್ಥೆ) ಮೊದಲೇ ಇರುವುದು ಲೇಯರ್ 2, ಅಂದರೆ ಮ್ಯಾಕ್ ನೋಡುವ ಲೆಕ್ಕ. ನಡುವೆ ರೂಟರ್ ಇದ್ದರೆ ಎಲ್ಲರಿಗೂ ರೂಟರ್‌ನ ಮ್ಯಾಕ್ ಒಂದೇ. ಅಲ್ಲಿ ಲೇಯರ್ 3+4, ಅಂದರೆ ಐಪಿ ಮತ್ತು ಪೋರ್ಟ್ ನಂಬರ್ ನೋಡುವ ಲೆಕ್ಕ ಇಡಿ.

ಹಾಗಾದರೆ ಲ್ಯಾಗ್ ದಂಡವಾ? ಖಂಡಿತ ಅಲ್ಲ. ಹತ್ತು ಜನ ಒಟ್ಟಿಗೆ ನ್ಯಾಸ್ ಬಳಸುವಾಗ ಕನೆಕ್ಷನ್‌ಗಳು ಎರಡು ಕೇಬಲ್‌ಗೂ ಹರಡುತ್ತವೆ. ಒಂದು ಕೇಬಲ್ ಕಿತ್ತರೂ ಕೆಲಸ ನಿಲ್ಲದು.

ಸೆಟ್ಟಿಂಗ್ ಬಗ್ಗೆ ಇಷ್ಟೇ: ಎಲ್‌ಎಸಿಪಿ (ಲ್ಯಾಗ್ ಕಟ್ಟಲು ಎರಡೂ ಕಡೆ ಮಾತಾಡಿಕೊಳ್ಳುವ ಕ್ರಮ) ಒಂದು ಕಡೆಯಾದರೂ ಆಕ್ಟಿವ್ ಇರಲಿ, ಎರಡೂ ಪ್ಯಾಸಿವ್ ಆದರೆ ಗುಂಪೇ ಕಟ್ಟುವುದಿಲ್ಲ. ಪೋರ್ಟ್‌ಗಳ ಸ್ಪೀಡ್, ವಿಲ್ಯಾನ್ (ಸ್ವಿಚ್‌ನೊಳಗೆ ಬೇರೆ ಮಾಡಿದ ನೆಟ್‌ವರ್ಕ್ ಭಾಗ) ಒಂದೇ ಇರಲಿ. ಎರಡೂ ಕಡೆ ಸೆಟ್ ಮಾಡಿದ ಮೇಲೆ ಎರಡನೇ ಕೇಬಲ್ ಚುಚ್ಚಿ.

ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ಒಂದೇ ಕಾಪಿ ವೇಗವಾಗಬೇಕಿದ್ದರೆ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಮಾರುಕಟ್ಟೆ ಎಸ್‌.ಪಿ. ರೋಡಿನಲ್ಲಿ 2.5 ಗಿಗಾಬಿಟ್ ಕಾರ್ಡು, ಸ್ವಿಚ್ಚು ವಿಚಾರಿಸಿ. ಗೋಡೆ ಒಡೆದು ಹೊಸ ಕೇಬಲ್ ಎಳೆಸಬೇಡಿ. ಈಗಿರುವುದು ಕ್ಯಾಟ್ 5ಇ (ನೆಟ್‌ವರ್ಕ್ ಕೇಬಲ್‌ನ ಒಂದು ದರ್ಜೆ) ಆಗಿದ್ದರೆ ಅದೇ 100 ಮೀಟರ್‌ವರೆಗೆ ಆ ವೇಗ ತಡೆಯುತ್ತದೆ. ಆದರೆ ನ್ಯಾಸ್‌ನ ಡಿಸ್ಕ್‌ಗೆ ಅಷ್ಟು ವೇಗ ಇದೆಯಾ ಅಂತ ಮೊದಲು ನೋಡಿಕೊಳ್ಳಿ.