ಬದನೆಕಾಯಿಗೂ ರಿಲಕ್ಟೆಂಟ್‌ಗೂ ಏನ್ ಸಂಬಂಧ

ಹೋದ ತಿಂಗಳು ಟ್ಯೂಷನ್ನಲ್ಲಿ ಫಸ್ಟ್ ಪಿಯು ಹುಡುಗ ಒಬ್ಬ ಐ ಆಮ್ ರಿಲಕ್ಟೆಂಟ್ ಬ್ರಿಂಜಾಲ್ ಅಂತ ಬರ್ಕೊಂಡು ಬಂದಿದ್ದ. ಏನಪ್ಪಾ ಇದು ಅಂದ್ರೆ, ನಂಗೆ ಬದನೆಕಾಯಿ ಇಷ್ಟ ಇಲ್ಲ ಸಾರ್, ರಿಲಕ್ಟೆಂಟ್ ಅಂದ್ರೆ ಇಷ್ಟವಿಲ್ಲದ ಅಂತಾನೇ ಪುಸ್ತಕದಲ್ಲಿದೆ ನೋಡಿ ಅಂದ. ನೋಡಿದ್ರೆ ಹಂಗೇ ಇತ್ತು, ಪಾಪ ಅವನದ್ದೇನ್ ತಪ್ಪು.

ಹದಿನೈದು ವರ್ಷದಿಂದ ಇಂಗ್ಲಿಷ್ ಹೇಳ್ಕೊಡ್ತಿದೀನಿ, ಈ ಒಂದು ಪದಕ್ಕೆ ಒಂದೇ ಅರ್ಥ ಅನ್ನೋ ಪಟ್ಟಿಗಳಷ್ಟು ಕಾಟ ಕೊಟ್ಟಿದ್ದು ಬೇರೆ ಯಾವ್ದೂ ಇಲ್ಲ. ಬಾರೋ (borrow) ಅಂದ್ರೆ ಸಾಲ ತಗೊಳ್ಳೋದು, ಲೆಂಡ್ (lend) ಅಂದ್ರೆ ಕೊಡೋದು, ಎರಡಕ್ಕೂ ಬರೀ ಸಾಲ ಅಂತ ಬರೆದ್ಬಿಟ್ರೆ, ತಗೊಳ್ಳೋನು ಯಾರು ಕೊಡೋನು ಯಾರು ಅಂತ ಮಗುಗೆ ಹೆಂಗ್ ಗೊತ್ತಾಗ್ಬೇಕು, ಅದಕ್ಕೇ ಪ್ಲೀಸ್ ಬಾರೋ ಮೀ ಯುವರ್ ಪೆನ್ ಅಂತ ಕೇಳ್ತವೆ.

ಕಲಿಯೋರಿಗೆ ಅಂತಾನೇ ಮಾಡಿರೋ ಡಿಕ್ಷನರಿ ತಗೊಳ್ಳಿ. ಮೈಕೆಲ್ ವೆಸ್ಟ್ ಅಂತ ಒಬ್ಬರು ಬ್ರಿಟಿಷರ ಕಾಲದಲ್ಲಿ ಢಾಕಾದಲ್ಲಿ ಮೇಷ್ಟ್ರುಗಳಿಗೆ ಟ್ರೈನಿಂಗ್ ಕೊಡ್ತಿದ್ದೋರು, 1935ರಲ್ಲಿ ಇನ್ನೊಬ್ಬರ ಜೊತೆ ಸೇರಿ ಒಂದು ಡಿಕ್ಷನರಿ ತಂದ್ರು, ಅದರಲ್ಲಿ ಸುಮಾರು 24,000 ಪದ-ಪದಗುಚ್ಛಗಳಿಗೆ ಬರೀ 1,490 ಸುಲಭ ಪದಗಳಲ್ಲೇ ಅರ್ಥ ಬರೆದಿದ್ರು. 1978ರಲ್ಲಿ ಬಂದ ಲಾಂಗ್‌ಮನ್ ಡಿಕ್ಷನರೀಲೂ ಇದೇ ಉಪಾಯ, ಸುಮಾರು 2,000 ಪದ. ಇಲ್ದಿದ್ರೆ ಒಂದು ಪದ ಹುಡುಕಕ್ಕೆ ಹೋಗಿ ಅದರ ಅರ್ಥದೊಳಗಿರೋ ಇನ್ನೆರಡು ಪದ ಹುಡುಕ್ತಾ ಕೂರ್ಬೇಕಾಗತ್ತೆ.

ಹಂಗಂತ ಕನ್ನಡ ಬಿಟ್ಬಿಡಿ ಅಂತ ನಾನು ಹೇಳಲ್ಲ, ಅದು ಬರೀ ಜಂಬ. ರಿಲಕ್ಟೆಂಟ್ ಅಂದ್ರೆ ಮನಸ್ಸಿಲ್ಲ, ಆದ್ರೂ ಮಾಡ್ಬೋದು, ಹಿಂದೆ ಮುಂದೆ ನೋಡ್ತಾನೆ, ಅಷ್ಟೇ. ನಮ್ಮಲ್ಲಿ ಒಲ್ಲದ ಮನಸ್ಸಿಂದ ಹೋದ ಅಂತೀವಲ್ಲ, ಆ ಒಲ್ಲದ ಮನಸ್ಸೇ ಇದು. ಇಷ್ಟು ಹೇಳಿದ್ಮೇಲೆ ಇಂಗ್ಲಿಷಲ್ಲಿ ನಾಟ್ ವಾಂಟಿಂಗ್ ಟು ಡೂ ಸಂಥಿಂಗ್ ಅಂತ ಬರೆಸ್ತೀನಿ. ಪಕ್ಕದಲ್ಲೇ ರಿಲಕ್ಟೆಂಟ್ ಟು ಅಂತ, ಅಂದ್ರೆ ಟು ಆದ್ಮೇಲೆ ಒಂದು ಕೆಲಸದ ಹೆಸರು ಬರ್ಬೇಕು, ಬದನೆಕಾಯಿ ಬರಂಗಿಲ್ಲ. ಆಮೇಲೆ ಅವರ ಮನೇದೇ ಒಂದು ವಾಕ್ಯ. ದಿನಕ್ಕೆ ಐದು ಪದ ಸಾಕು, ಆದ್ರೆ ಮಾರನೇ ದಿನ, ಮತ್ತೆ ವಾರ ಬಿಟ್ಟು, ಅರ್ಥ ಮುಚ್ಚಿಟ್ಕೊಂಡು ಹೇಳ್ಬೇಕು, ಸುಮ್ನೆ ಕಣ್ಣಾಡಿಸಿದ್ರೆ ನಿಲ್ಲಲ್ಲ.

ನಮ್ ಹುಡುಗ ಮೊನ್ನೆ ಮೈ ಅಜ್ಜಿ ಈಸ್ ರಿಲಕ್ಟೆಂಟ್ ಟು ಗೋ ಟು ಡಾಕ್ಟರ್ ಅಂತ ಬರ್ದಿದ್ದ. ಡಾಕ್ಟರ್ ಮುಂದೆ ಒಂದು ದ ಬಿಟ್ಟೋಗಿತ್ತು, ಅದನ್ನ ಇನ್ನೊಂದಿನ ಹೇಳಿದ್ರಾಯ್ತು ಅಂತ ರೈಟ್ ಹಾಕ್ಬಿಟ್ಟೆ.